ಕಾಕಟೀಲ್ ಉಬ್ಬಿಕೊಂಡು ಕೂತಿದೆ, ಕೊಡಗಲ್ಲಿ ಹಕ್ಕಿ ನೋಡೋ ಡಾಕ್ಟ್ರು ಯಾರಾದ್ರೂ ಇದಾರಾ?

ನಾಪೋಕ್ಲು_ಮಳೆ:
ಎಲ್ರಿಗೂ ನಮಸ್ಕಾರ, ಸ್ವಲ್ಪ ಅರ್ಜೆಂಟ್. ನಮ್ಮನೇಲಿ ಒಂದು ಲುಟಿನೋ (ಬಿಳಿ ಹಳದಿ ಬಣ್ಣದ) ಕಾಕಟೀಲ್ ಇದೆ, ಜುಟ್ಟಿರೋ ಸಣ್ಣ ಗಿಣಿ ಜಾತಿ, ನಾಲ್ಕು ವರ್ಷ ಆಯ್ತು, ಹೆಸರು ಪುಟ್ಟಣ್ಣ. ಮೂರು ದಿನದಿಂದ ಸೀಟಿ ಹೊಡೀತಿಲ್ಲ, ರೆಕ್ಕೆ ಪುಕ್ಕ ಎಲ್ಲ ಉಬ್ಬಿಸ್ಕೊಂಡು ಹತ್ತಿ ಉಂಡೆ ತರ ಕೂತಿರುತ್ತೆ, ನಿನ್ನೆಯಿಂದ ಕೋಲಿನ ಮೇಲೂ ಕೂರ್ತಿಲ್ಲ, ಗೂಡಿನ ತಳಕ್ಕೆ ಇಳಿದು ಮೂಲೆ ಹಿಡ್ಕೊಂಡಿದೆ. ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಗ್ತಾ ಇದೆ. ಕಾಳು ಕುಟುಕಿದ ಹಾಗೆ ಮಾಡುತ್ತೆ ಆದ್ರೆ ಬಟ್ಟಲು ನೋಡಿದ್ರೆ ಹಾಗೇ ಇದೆ.

ಇಲ್ಲಿ ಹತ್ರದ ಪಶು ಆಸ್ಪತ್ರೆಗೆ ಹೋಗಿದ್ದೆ, ಡಾಕ್ಟ್ರು ಒಳ್ಳೆಯವರೇ, ನೇರವಾಗಿ ಹೇಳಿದ್ರು, "ನಾನು ದನ, ಹಂದಿ, ನಾಯಿ ನೋಡೋನು, ಕೋಳಿ ಆದ್ರೂ ನೋಡ್ತೀನಿ, ಇಷ್ಟು ಸಣ್ಣದಕ್ಕೆ ಡೋಸ್ ಹೇಳೋಕೆ ನಂಗೆ ಧೈರ್ಯ ಇಲ್ಲ" ಅಂತ. ಆಮೇಲೆ ಹಕ್ಕಿ ತಗೊಂಡಿದ್ದ ಅಂಗಡಿಗೆ ಫೋನ್ ಮಾಡಿದ್ರೆ ಅವನು ಕೋಳಿಗೆ ಹಾಕೋ ಹಳದಿ ಪೌಡರ್ ನೀರಿಗೆ ಒಂದು ಚಿಟಿಕೆ ಹಾಕಿ, ಎರಡು ದಿನದಲ್ಲಿ ಸರಿ ಆಗುತ್ತೆ ಅಂದ. ಹಾಕಿದೀನಿ. ನೀರೇ ಕುಡೀತಿಲ್ಲ ಈಗ. ಹೊರಗೆ ಕಕ್ಕಡದ ಮಳೆ, ಕರೆಂಟ್ ಬಂದು ಹೋಗಿ ಮಾಡ್ತಿದೆ. ಮೈಸೂರಿಗೆ ಕರ್ಕೊಂಡು ಹೋಗ್ಬೇಕಾ, ಮಂಗಳೂರಾ, ಬೆಂಗಳೂರಾ, ಇಲ್ಲ ದಾರೀಲೇ ಎಂತಾದ್ರೂ ಆಗ್ಬಿಡುತ್ತಾ ಅಂತ ಭಯ. ಮಗಳು ಬೆಳಿಗ್ಗೆಯಿಂದ ಊಟ ಮಾಡಿಲ್ಲ.

ಬಜ್ಜಿಮನೆ:
ಮೊದಲು ಆ ಹಳದಿ ನೀರು ಚೆಲ್ಲಿ, ಈಗಲೇ. ರುಚಿ ಕೆಟ್ಟರೆ ಹಕ್ಕಿ ನೀರು ಮುಟ್ಟಲ್ಲ, ಹುಷಾರಿಲ್ಲದ್ದು ಮೊದಲೇ ಕಮ್ಮಿ ಕುಡಿಯೋದು, ಹಾಗಾಗಿ ಔಷಧಿ ಎಷ್ಟು ಒಳಗೆ ಹೋಯ್ತು ಅಂತ ದೇವರಿಗೇ ಗೊತ್ತು, ಒಣಗೋದು ಮಾತ್ರ ಗ್ಯಾರಂಟಿ. ಬರೀ ಕಾಸಿ ಆರಿಸಿದ ನೀರು ಇಡಿ.

ನಾನು ಡಾಕ್ಟ್ರು ಅಲ್ಲ, ಕುಶಾಲನಗರದಲ್ಲಿ ಹದಿನೈದು ವರ್ಷದಿಂದ ಬಜ್ಜಿ ಸಾಕ್ತಿದೀನಿ (ತಿನ್ನೋ ಬಜ್ಜಿ ಅಲ್ಲ, ಬಜರಿಗರ್ ಅನ್ನೋ ಸಣ್ಣ ಗಿಣಿ, ನಮ್ಮತ್ತೆ ಇವತ್ತಿಗೂ ಅದೇ ಜೋಕ್ ಹೊಡೀತಾರೆ). ಹಕ್ಕಿಗಳು ಕಾಯಿಲೆ ಮುಚ್ಚಿಡ್ತಾವೆ, ಕಾಡಲ್ಲಿ ಸುಸ್ತಾಗಿ ಕಂಡ್ರೆ ಗಿಡುಗ ಎತ್ಕೊಂಡು ಹೋಗುತ್ತಲ್ಲ, ಅದಕ್ಕೆ. ನಮ್ಮ ಕಣ್ಣಿಗೆ ಬೀಳೋ ಹೊತ್ತಿಗೆ ಅದು ಹೊಸ ಕಾಯಿಲೆ ಆಗಿರಲ್ಲ. ತಳಕ್ಕೆ ಇಳಿದಿದೆ, ಬಾಲ ಆಡ್ತಿದೆ ಅಂದ್ರೆ ನಾಳೆ ನೋಡೋಣ ಅನ್ನೋ ಕೇಸ್ ಅಲ್ಲ ಇದು.

ಈಗ ಶಾಖ ಕೊಡಿ. ಗೂಡಿನ ಮೂರು ಕಡೆ ಟವೆಲ್ ಮುಚ್ಚಿ, ಒಂದು ಬದಿಗೆ ಹೊರಗಿಂದ ಬಲ್ಬ್, ಎಲ್‌ಇಡಿ ಅಲ್ಲ, ಹಳೇ ಕಾಲದ ಬಿಸಿ ಆಗೋ 60 ವ್ಯಾಟ್ ಬಲ್ಬು. ಒಳಗೆ 30 ಡಿಗ್ರಿ ಆಸುಪಾಸು ಇರ್ಲಿ, ಇನ್ನೊಂದು ಬದಿ ತಣ್ಣಗಿರ್ಲಿ, ಬೇಕಾದ ಕಡೆ ಅದೇ ಸರ್ಕೊಳ್ಳುತ್ತೆ. ಬಾಯಿ ತೆರೆದು ರೆಕ್ಕೆ ಅಗಲ ಮಾಡಿದ್ರೆ ಬಿಸಿ ಜಾಸ್ತಿ ಆಯ್ತು ಅಂತ. ಕರೆಂಟ್ ಹೋದ್ರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಗೂಡಿನ ಪಕ್ಕ. ದಯವಿಟ್ಟು ಒಲೆ ಹತ್ರ ಇಡ್ಬೇಡಿ, ನಮ್ಮ ಕಡೆ ಎಲ್ಲರ ಮೊದಲ ಐಡಿಯಾ ಅದೇ, ಹೊಗೆ ಹಕ್ಕಿಯ ಶ್ವಾಸಕ್ಕೆ ವಿಷ.

ಆಮೇಲೆ ತೂಕ. ನಿಮ್ಮನೇಲಿ ಏಲಕ್ಕಿ ತೂಕ ಮಾಡೋ ಡಿಜಿಟಲ್ ತಕ್ಕಡಿ ಇದ್ರೆ ಒಂದು ಡಬ್ಬ ಇಟ್ಟು ಸೊನ್ನೆ ಮಾಡಿ ಹಕ್ಕಿನ ಕೂರಿಸಿ. ಎಷ್ಟು ಗ್ರಾಂ ಅಂತ ಹೇಳದೆ ಯಾವ ಡಾಕ್ಟ್ರಿಗೂ ಫೋನಲ್ಲಿ ಏನೂ ಹೇಳೋಕೆ ಆಗಲ್ಲ.

ಎಸ್ಟೇಟ್_ಅಜ್ಜ:
ನಾವು ಕೋಳಿಗೆ ಎರಡು ತೊಟ್ಟು ಬ್ರಾಂಡಿ, ಒಂದು ಚೂರು ಬೆಳ್ಳುಳ್ಳಿ ಕೊಡ್ತಿದ್ವು, ಎದ್ದು ಓಡಾಡ್ತಿದ್ವು. ಟ್ರೈ ಮಾಡಿ.

ಬಜ್ಜಿಮನೆ:
ಅಜ್ಜಾ, ಕೋಳಿ ಎರಡು ಕೆಜಿ, ಇದು ನೂರು ಗ್ರಾಂ ಕೂಡ ಇಲ್ಲ. ನಿಮ್ಮ ಎರಡು ತೊಟ್ಟು ಇದಕ್ಕೆ ಅರ್ಧ ಬಾಟಲಿ ಇದ್ದ ಹಾಗೆ. ಬೇಡವೇ ಬೇಡ. ಕೊಕ್ಕು ತೆರೆಸಿ ಏನನ್ನೂ ಹುಯ್ಯಬೇಡಿ, ಉಸಿರಿನ ದಾರಿಗೆ ಹೋದ್ರೆ ಅಲ್ಲೇ ಮುಗೀತು.

ವಿರಾಜಪೇಟೆ_ಹಕ್ಕಿಹುಚ್ಚಿ:
ಒಂದು ಪ್ರಶ್ನೆ, ಪುಟ್ಟಣ್ಣ ಗಂಡು ಅಂತ ಯಾರು ಹೇಳಿದ್ದು? ಲುಟಿನೋದಲ್ಲಿ ಮುಖ ನೋಡಿ ಗೊತ್ತಾಗಲ್ಲ, ಬೂದು ಬಣ್ಣದವಾದ್ರೆ ದೊಡ್ಡದಾದ ಗಂಡಿಗೆ ಮುಖ ಅಚ್ಚ ಹಳದಿ ಇರುತ್ತೆ. ಬಾಲದ ಗರಿ ಬೆಳಕಿಗೆ ಹಿಡಿದು ಕೆಳಗಿಂದ ನೋಡಿ, ತೆಳು ಹಳದಿ ಪಟ್ಟೆ ಕಂಡ್ರೆ ಹೆಣ್ಣು. ಹೆಣ್ಣಾದ್ರೆ ಮೊಟ್ಟೆ ಸಿಕ್ಕಿ ಹಾಕ್ಕೊಂಡಿರಬಹುದು, ಜೊತೆ ಗಂಡು ಇಲ್ಲದಿದ್ರೂ ಮೊಟ್ಟೆ ಇಡ್ತಾವೆ. ನನ್ನದೊಂದು ಹೋಗಿದ್ದೇ ಹಾಗೆ, ಬರೀ ಸೂರ್ಯಕಾಂತಿ ಬೀಜ ಹಾಕಿ ಬೆಳೆಸಿದ್ದೆ, ಕ್ಯಾಲ್ಸಿಯಂ ಅಂದ್ರೆ ಏನು ಅಂತಲೇ ಗೊತ್ತಿರಲಿಲ್ಲ ಆಗ. ಹೊಟ್ಟೆ ಕೆಳಗೆ ಊದಿದೆಯಾ, ಮುಕ್ಕರಿತಿದೆಯಾ ನೋಡಿ, ಆದ್ರೆ ಒತ್ತಬೇಡಿ, ಒಳಗೆ ಒಡೆದ್ರೆ ಕಷ್ಟ.

ಇನ್ನೊಂದು, ಕಾಳು ಎಲ್ಲಿ ಇಟ್ಟಿದೀರಾ? ಅದನ್ನ ಮೂಸಿ ನೋಡಿ.

ನಾಪೋಕ್ಲು_ಮಳೆ:
ತೂಕ 74 ಗ್ರಾಂ. ಏಲಕ್ಕಿ ತಕ್ಕಡೀಲೇ ಮಾಡಿದ್ದು, ಥ್ಯಾಂಕ್ಸ್. ಎದೆ ಮೂಳೆ ಮುಟ್ಟಿದ್ರೆ ಚಾಕು ಅಂಚಿನ ತರ ಇದೆ, ಇಷ್ಟು ಬಡಕಲಾಗಿದೆ ಅಂತ ಪುಕ್ಕದೊಳಗೆ ಗೊತ್ತೇ ಆಗಿರಲಿಲ್ಲ. ಬಾಲದಲ್ಲಿ ಪಟ್ಟೆ ಇಲ್ಲ, ಹಾಗಾಗಿ ಪುಟ್ಟಣ್ಣ ಪುಟ್ಟಣ್ಣನೇ. ಹೊಟ್ಟೆ ಊದಿಲ್ಲ.

ಕಾಳು... ಹೇಳೋಕೆ ನಾಚಿಕೆ ಆಗ್ತಿದೆ. ಮಳೆಗಾಲಕ್ಕೆ ಅಂತ ಮೇ ತಿಂಗಳಲ್ಲಿ ಐದು ಕೆಜಿ ತಂದು ಅಟ್ಟದ ಮೇಲೆ ಗೋಣಿಚೀಲದಲ್ಲಿ ಇಟ್ಟಿದ್ವಿ. ಈಗ ಕೈ ಹಾಕಿದ್ರೆ ತಳದಲ್ಲಿ ಬೆಚ್ಚಗೆ, ಮುಗ್ಗಲು ವಾಸನೆ, ಬೂದು ಬೂದು ಅಂಟಿದೆ.

ವಿರಾಜಪೇಟೆ_ಹಕ್ಕಿಹುಚ್ಚಿ:
ಅದೇ ಅಂದ್ಕೊಂಡೆ ಮಾರಾಯ್ರೇ. ಜುಲೈ ಆಗಸ್ಟಲ್ಲಿ ನಮ್ಮ ಚಪ್ಪಲಿಗೇ ಬೂಷ್ಟು ಬರುತ್ತೆ, ಇನ್ನು ಕಾಳು ಬಿಡುತ್ತಾ. ಆಸ್ಪರ್ಜಿಲಸ್ ಅಂತ ಒಂದು ಬೂಷ್ಟು, ಅದರ ಪುಡಿ ಉಸಿರಲ್ಲಿ ಹೋಗಿ ಶ್ವಾಸಕೋಶ, ಗಾಳಿಚೀಲದಲ್ಲಿ ಬೇರು ಬಿಡುತ್ತೆ. ಅದಕ್ಕೆ ಆಂಟಿಬಯಾಟಿಕ್ ಹಾಕಿ ಏನೂ ಪ್ರಯೋಜನ ಇಲ್ಲ, ಫಂಗಸ್ ಔಷಧಿನೇ ಬೇರೆ. ಅದೇ ಆಗಿದೆ ಅಂತ ನಾನು ಹೇಳ್ತಿಲ್ಲ, ಗಿಣಿ ಜಾತಿಗೆ ಬರೋ ಸಿಟಕೋಸಿಸ್ ಕೂಡ ಆಗಿರಬಹುದು, ಅದೂ ಉಸಿರಿನದೇ, ಅದಕ್ಕೆ ಮಾತ್ರ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಬೇಕು, ಮಾಮೂಲಾಗಿ 45 ದಿನ. ಅದು ಮನುಷ್ಯರಿಗೂ ಹರಡುತ್ತೆ, ಮಗಳು ಸದ್ಯಕ್ಕೆ ಮುತ್ತು ಕೊಡೋದು ಬೇಡ, ಗೂಡು ಕ್ಲೀನ್ ಮಾಡುವಾಗ ಮಾಸ್ಕ್ ಹಾಕ್ಕೊಂಡು ಕಾಗದ ಒದ್ದೆ ಮಾಡಿ ತೆಗೀರಿ, ಒಣ ಪುಡಿ ಏಳಬಾರದು. ಎರಡಕ್ಕೂ ಹೊರಗಿಂದ ಕಾಣೋದು ಒಂದೇ ತರ, ಎಕ್ಸ್‌ರೇ, ಹಿಕ್ಕೆ, ರಕ್ತ ನೋಡದೆ ಯಾರೂ ಖಂಡಿತವಾಗಿ ಹೇಳೋಕಾಗಲ್ಲ. ಹಾಗಾಗಿ ಹೋಗ್ಲೇಬೇಕು.

ಎಲ್ಲಿಗೆ ಅಂದ್ರೆ, ನಾನಾದ್ರೆ ಮೈಸೂರು. ಮಡಿಕೇರಿಯಿಂದ 120 ಕಿಲೋಮೀಟರ್ ಆಸುಪಾಸು, ಕುಶಾಲನಗರ ದಾಟಿದ್ಮೇಲೆ ರೋಡ್ ನೇರ, ಮಂಗಳೂರು ಕಡೆ ಈ ಮಳೇಲಿ ಸಂಪಾಜೆ ಘಾಟಿ ಇಳಿಸೋದು ಬೇಡ. ಮೃಗಾಲಯಕ್ಕೆ ಹೋಗ್ಬೇಡಿ, ಎಲ್ಲರೂ ಅದನ್ನೇ ಹೇಳ್ತಾರೆ, ಅಲ್ಲಿನ ಡಾಕ್ಟ್ರು ಇರೋದು ಅಲ್ಲಿನ ಪ್ರಾಣಿಗಳಿಗೆ. ನಾಯಿ ಬೆಕ್ಕಿನ ಕ್ಲಿನಿಕ್‌ಗಳಿಗೆ ಒಂದೊಂದಾಗಿ ಫೋನ್ ಮಾಡಿ, ಆದ್ರೆ "ಹಕ್ಕಿ ನೋಡ್ತೀರಾ" ಅಂತ ಕೇಳ್ಬೇಡಿ, ಎಲ್ಲರೂ ಹೂಂ ಅಂತಾರೆ. "ವಾರಕ್ಕೆ ಎಷ್ಟು ಕಾಕಟೀಲ್ ನೋಡ್ತೀರಾ, ಗ್ರಾಂ ತಕ್ಕಡಿ ಇದೆಯಾ, ಆಕ್ಸಿಜನ್ ಕೊಡೋ ಬಾಕ್ಸ್ ಇದೆಯಾ, ಹಕ್ಕಿಗೆ ಎಕ್ಸ್‌ರೇ ತೆಗೆದಿದೀರಾ" ಇದನ್ನ ಕೇಳಿ. ತಡವರಿಸಿದ್ರೆ ಮುಂದಿನ ನಂಬರ್. ಎಲ್ಲೂ ಆಗ್ಲಿಲ್ಲ ಅಂದ್ರೆ ಬೆಂಗಳೂರು ಹೆಬ್ಬಾಳದ ವೆಟರ್ನರಿ ಕಾಲೇಜ್, ಅಲ್ಲಿಗೂ ಹೊರಡೋ ಮುಂಚೆ ಫೋನ್ ಮಾಡಿ.

ಕರಿಮೆಣಸು_77:
ಪಶು ಆಂಬುಲೆನ್ಸ್ ನಂಬರ್ 1962ಕ್ಕೆ ಫೋನ್ ಮಾಡಿದ್ರೆ ಗಾಡಿನೇ ಮನೆಗೆ ಬರುತ್ತಲ್ಲ?

ಬಜ್ಜಿಮನೆ:
ಬರುತ್ತೆ, ಅದು ಮುಖ್ಯವಾಗಿ ದನ ಎಮ್ಮೆಗೆ. ಕಾಕಟೀಲ್‌ಗೆ ಅದನ್ನ ಕಾಯ್ತಾ ಕೂರಬೇಡಿ.

ದಾರಿಗೆ ಗೂಡು ಬೇಡ, ತೂತು ಮಾಡಿದ ರಟ್ಟಿನ ಡಬ್ಬ, ಕೆಳಗೆ ಟವೆಲ್, ಕೋಲು ಬೇಡ, ನೀರಿನ ಬಟ್ಟಲು ಬೇಡ (ತಿರುವಲ್ಲಿ ಚೆಲ್ಲಿ ಮೈ ಒದ್ದೆ ಆದ್ರೆ ಇನ್ನೂ ಕಷ್ಟ), ಬದಲಿಗೆ ಸೌತೆಕಾಯಿ ತುಂಡು ಇಡಿ. ಕಾರಲ್ಲಿ ಏಸಿ ಹಾಕ್ಬೇಡಿ, ಹಾಡು ಹಾಕ್ಬೇಡಿ. ಇವತ್ತಿನ ಹಿಕ್ಕೆ ಇರೋ ಕಾಗದ ಮಡಚಿ ತಗೊಂಡು ಹೋಗಿ, ಆ ಮುಗ್ಗಲು ಕಾಳೂ ಒಂದು ಹಿಡಿ ಕವರಲ್ಲಿ ಕಟ್ಟಿ.

ಸುಂಟಿಕೊಪ್ಪ_ಹುಡುಗ:
ನಡುವೆ ಕೇಳ್ತಿದೀನಿ ಸಾರಿ. ನಮ್ಮ ಲೈನ್ ಮನೇಲಿ ಒಬ್ರು ಹಸಿರು ಗಿಣಿ ಮರಿ ಸಾಕ್ತಿದಾರೆ, ಅದಕ್ಕೂ ರೆಕ್ಕೆ ಜೋತು ಬಿದ್ದಿದೆ, ಅದನ್ನೂ ಇದೇ ತರ ಕ್ಲಿನಿಕ್‌ಗೆ ತಗೊಂಡು ಹೋಗಬಹುದಾ?

ವಿರಾಜಪೇಟೆ_ಹಕ್ಕಿಹುಚ್ಚಿ:
ಕಾಕಟೀಲ್, ಬಜ್ಜಿ ಹೊರದೇಶದ್ದು, ಸಾಕಬಹುದು. ನಮ್ಮ ಗಿಣಿ 1972ರ ವನ್ಯಜೀವಿ ಕಾಯ್ದೆ ಒಳಗೆ ಬರುತ್ತೆ, ಮನೇಲಿ ಇಟ್ಕೊಳ್ಳೋದೇ ತಪ್ಪು. ಅರಣ್ಯ ಇಲಾಖೆಯವರಿಗೆ ಹೇಳಿ ಒಪ್ಪಿಸೋಕೆ ಹೇಳಿ ಅವರಿಗೆ, ಮುಚ್ಚಿಟ್ಕೊಂಡ್ರೆ ರೆಕ್ಕೆಗೆ ಚಿಕಿತ್ಸೆನೂ ಸಿಗಲ್ಲ.

ನಾಪೋಕ್ಲು_ಮಳೆ:
ನಾಲ್ಕು ದಿನ ಆಯ್ತು, ಕೇಳಿದವರಿಗೆಲ್ಲ ಅಪ್‌ಡೇಟ್. ಆರು ಕಡೆ ಫೋನ್ ಮಾಡಿದೆ. ಐದು ಕಡೆ "ಕರ್ಕೊಂಡು ಬನ್ನಿ ನೋಡೋಣ", ಗ್ರಾಂ ತಕ್ಕಡಿ ಅಂದ ಕೂಡ್ಲೆ ಸುಮ್ಮನಾಗ್ತಿದ್ರು. ಆರನೇ ಕಡೆ ಮೇಡಂ ಒಬ್ರು ನಾನು ಕೇಳೋ ಮುಂಚೆನೇ "ತೂಕ ಎಷ್ಟು, ಬಾಲ ಆಡ್ತಿದೆಯಾ" ಅಂದ್ರು, ಅಲ್ಲೇ ಡಿಸೈಡ್ ಮಾಡಿದೆ. ಬೆಳಿಗ್ಗೆ ಐದಕ್ಕೆ ಬಿಟ್ವಿ, ಮೂರ್ನಾಡು ತನಕ ರೋಡೇ ಕಾಣ್ತಿರಲಿಲ್ಲ, ಮಗಳು ಡಬ್ಬ ಮಡಿಲಲ್ಲಿ ಇಟ್ಕೊಂಡು ಹುಣಸೂರು ತನಕ ಉಸಿರೇ ಬಿಡಲಿಲ್ಲ ಅನ್ಸುತ್ತೆ.

ಹೋದ ತಕ್ಷಣ ಮುಟ್ಟಲೇ ಇಲ್ಲ ಅವರು, ಅರ್ಧ ಗಂಟೆ ಆಕ್ಸಿಜನ್ ಬಾಕ್ಸಲ್ಲಿ ಬಿಟ್ರು. ಆಮೇಲೆ ಎಕ್ಸ್‌ರೇ, ಗಾಳಿಚೀಲದಲ್ಲಿ ಮಬ್ಬು ಇದೆ, ಕಾಳು ನೋಡಿ ಫಂಗಸ್ ಡೌಟು ಜಾಸ್ತಿ ಅಂದ್ರು, ಸಿಟಕೋಸಿಸ್‌ಗೂ ಸ್ಯಾಂಪಲ್ ಕಳಿಸಿದಾರೆ, ರಿಪೋರ್ಟ್ ಇನ್ನೂ ಬಂದಿಲ್ಲ. ಫಂಗಸ್ ಔಷಧಿ ವಾರಗಟ್ಲೆ ಕೊಡ್ಬೇಕಂತೆ, ಜೊತೆಗೆ ದಿನಕ್ಕೆ ಎರಡು ಸಲ ನೆಬ್ಯುಲೈಸರ್. ಉಳಿಯುತ್ತೆ ಅಂತ ಪ್ರಾಮಿಸ್ ಮಾಡಲಿಲ್ಲ, ಅದು ನಂಗೆ ಇಷ್ಟ ಆಯ್ತು. ಪ್ರತಿ ಸಲ ಬರೋದು ಬೇಡ, ನಿಮ್ಮೂರ ಡಾಕ್ಟ್ರ ನಂಬರ್ ಕೊಡಿ ಅಂದ್ರು, ಕೊಟ್ಟೆ. ನಮ್ಮ ಪಶು ಆಸ್ಪತ್ರೆ ಡಾಕ್ಟ್ರು, ಡೋಸ್ ಹೇಳೋಕೆ ಧೈರ್ಯ ಇಲ್ಲ ಅಂದಿದ್ರಲ್ಲ ಅವರೇ, ಈಗ ಮೇಡಂ ಫೋನಲ್ಲಿ ಹೇಳಿದ ಹಾಗೆ ಇಂಜೆಕ್ಷನ್ ಕೊಡ್ತಿದಾರೆ. ಇನ್ಸುಲಿನ್ ಸಿರಿಂಜ್ ಹಿಡ್ಕೊಂಡು ಅವರ ಕೈ ನಡುಗೋದು ನೋಡ್ಬೇಕಿತ್ತು, ದಿನಾ ಎಮ್ಮೆಗೆ ಚುಚ್ಚೋ ಕೈ ಅದು.

ಎಸ್ಟೇಟ್_ಅಜ್ಜ:
ಒಳ್ಳೇದಾಯ್ತು. ನಮ್ಮ ತೋಟದಲ್ಲಿ ಬಟರ್ ಫ್ರೂಟ್ ಬಿದ್ದು ಕೊಳೀತಿದೆ, ಮೈಗೆ ಒಳ್ಳೇದಂತಲ್ಲ, ಹಕ್ಕಿಗೆ ಕಳಿಸ್ಲಾ?

ಬಜ್ಜಿಮನೆ:
ಅಜ್ಜಾ!! ಬಟರ್ ಫ್ರೂಟ್ ಹಕ್ಕಿಗೆ ವಿಷ, ಹೃದಯಕ್ಕೇ ಹೊಡೆಯುತ್ತೆ. ಕಾಫಿ, ಚಾಕಲೇಟ್ ಕೂಡ. ಕೊಡಗಲ್ಲಿ ಬೆಳೆಯೋದು ಮಾರೋದು ಎಲ್ಲ ಇವಕ್ಕೆ ಆಗದೇ ಇರೋದೇ.

ನಾಪೋಕ್ಲು_ಮಳೆ:
ಹಣ್ಣು ನಮಗೆ ಕಳಿಸಿ ಅಜ್ಜ, ಮಿಲ್ಕ್‌ಶೇಕ್ ಮಾಡ್ತೀವಿ.

ಇವತ್ತು ಬೆಳಿಗ್ಗೆ 77 ಗ್ರಾಂ. ಬಾಲ ಇನ್ನೂ ಆಡ್ತಿದೆ, ಸೀಟಿ ಇಲ್ಲ, ಆದ್ರೆ ಕೋಲು ಹತ್ತಿ ಕೂತಿದೆ. ಹಳೇ ಕಾಳು ಸುಟ್ಟು ಹಾಕಿದ್ವಿ. ನವಣೆ ಕಾಲು ಕೆಜಿ ಕಾಲು ಕೆಜಿ ಫ್ರೆಶ್ ಆಗಿ ಕೊಡೋ ಅಂಗಡಿ ಮಡಿಕೇರೀಲಿ ಯಾರಿಗಾದ್ರೂ ಗೊತ್ತಾ?