ಹಳೇ ಗೋವಾ: ಬಾಗಿಲಲ್ಲಿ ಕೆತ್ತಿದ ಆ ಗೋಳ ಏನು?

ವಾಸ್ಕೋದಲ್ಲಿ ಹತ್ತು ವರ್ಷದಿಂದ ಇದ್ದೇನೆ. ಹುಬ್ಬಳ್ಳಿಯಿಂದ ಅಪ್ಪ ಬಂದರು ಅಂತ ಮೊನ್ನೆ ಸಂತ ಕ್ಯಾಥರೀನ್ ಚಾಪೆಲ್‌ಗೆ ಹೋಗಿದ್ದೆವು. ಒಳಗೆ ಜಾಸ್ತಿ ಏನಿಲ್ಲ. ಆದರೆ ಪಕ್ಕದ ಸಂತ ಫ್ರಾನ್ಸಿಸ್ ಚರ್ಚಿನ ಕಪ್ಪು ಕಲ್ಲಿನ ಬಾಗಿಲ ಮುಂದೆ ಅಪ್ಪ ನಿಂತೇಬಿಟ್ಟರು. ಕಲ್ಲಿನ ಗೋಳ, ಬಳೆಯೊಳಗೆ ಬಳೆ ಸಿಕ್ಕಿಸಿದ ಹಾಗೆ. ಏನದು?

ಉತ್ತರ 1: ಆಕಾಶದ ಲೆಕ್ಕ ಹಾಕುವ ಸಾಧನ ಅದು. ಪೋರ್ಚುಗಲ್ ರಾಜ ಮೊದಲನೇ ಮನುವೆಲ್‌ನ ಲಾಂಛನ. 1661ರಲ್ಲಿ ಚರ್ಚನ್ನು ಹೊಸದಾಗಿ ಕಟ್ಟಿದಾಗ ಹಳೇ ಬಾಗಿಲನ್ನು ಹಾಗೇ ಉಳಿಸಿಕೊಂಡರು.

ಉತ್ತರ 2: ಒಳಗೆ ನೆಲ ನೋಡಿದಿರಾ? ಮನೆತನದ ಲಾಂಛನ ಕೆತ್ತಿದ ಗೋರಿಕಲ್ಲುಗಳು! ನಾನಂತೂ ಚಪ್ಪಲಿ ಕೈಯಲ್ಲಿ ಹಿಡಿದೇ ದಾಟಿದೆ.

ಕೇಳಿದವನು: ಅಪ್ಪನಿಗೆ ಓದಿ ಹೇಳಿದೆ. "ನಮ್ಮ ಬೇಲೂರಲ್ಲಾಗಿದ್ದರೆ ಆ ಬಳೆ ತಿರುಗ್ತಿತ್ತು, ಅಲ್ವಾ?" ಅಂದರು.