ಡ್ರೈಯರ್‌ನ ಥರ್ಮಲ್ ಫ್ಯೂಸ್ ಮತ್ತೆ ಸುಟ್ಟಿದೆ: ಕಾರಣವೇನು?

ಪ್ರಶ್ನೆ:
ನಮ್ಮದು ಬಿಸಿಗಾಳಿಯನ್ನು ಪೈಪಿನ ಮೂಲಕ ಗೋಡೆಯಾಚೆಗೆ ಬಿಡುವ ವಿದ್ಯುತ್ ಡ್ರೈಯರ್. ಈಚೆಗೆ ಒಂದೇ ಸುತ್ತಿನಲ್ಲಿ ಬಟ್ಟೆ ಒಣಗುತ್ತಿಲ್ಲ. ಯಂತ್ರದ ಮೇಲ್ಭಾಗ ಕೈಯಿಡಲಾಗದಷ್ಟು ಬಿಸಿಯಾಗುತ್ತದೆ. ಹೊಸದಾಗಿ ಹಾಕಿಸಿದ ಥರ್ಮಲ್ ಫ್ಯೂಸ್ (ತಾಪ ಮಿತಿಮೀರಿದರೆ ಸುಟ್ಟು ವಿದ್ಯುತ್ ಕಡಿಯುವ ಭಾಗ) ಕೂಡ ಸುಟ್ಟಿದೆ. ಬಟ್ಟೆಯ ನಾರನ್ನು ಹಿಡಿಯುವ ಲಿಂಟ್ ಫಿಲ್ಟರನ್ನು ಪ್ರತಿ ಬಾರಿಯೂ ಸ್ವಚ್ಛಗೊಳಿಸುತ್ತೇನೆ. ಫ್ಯೂಸನ್ನು ಬಿಟ್ಟು ತಂತಿಗಳನ್ನು ನೇರವಾಗಿ ಜೋಡಿಸಿ ನೋಡಬಹುದೇ?

ಉತ್ತರ:
ದಯವಿಟ್ಟು ಆ ಕೆಲಸಕ್ಕೆ ಕೈ ಹಾಕಬೇಡಿ. ಥರ್ಮೋಸ್ಟಾಟ್‌ನಿಂದ ತಾಪ ಹತೋಟಿಗೆ ಬಾರದಿದ್ದಾಗ ಬೆಂಕಿಯನ್ನು ತಡೆಯಲು ಉಳಿದಿರುವುದು ಆ ಫ್ಯೂಸ್ ಒಂದೇ. ಅದು ಮತ್ತೆ ಸುಟ್ಟಿದೆಯೆಂದರೆ ದೋಷ ಬೇರೆಡೆ ಇದೆ ಎಂದರ್ಥ, ಮತ್ತು ನೀವು ಹೇಳಿದ ಲಕ್ಷಣಗಳೆಲ್ಲ ಗಾಳಿ ಸರಿಯಾಗಿ ಹೊರಹೋಗುತ್ತಿಲ್ಲ ಎಂಬುದರತ್ತಲೇ ಬೊಟ್ಟು ಮಾಡುತ್ತವೆ. ಫಿಲ್ಟರ್ ಎಷ್ಟೇ ಸ್ವಚ್ಛವಾಗಿದ್ದರೂ ಬಟ್ಟೆಯ ನಾರನ್ನೆಲ್ಲ ಹಿಡಿಯಲಾರದು. ನುಸುಳಿದ ನಾರು ತೇವದ ಗಾಳಿಯೊಡನೆ ಸಾಗಿ ಪೈಪಿನ ತಿರುವುಗಳಲ್ಲಿ ಅಂಟಿಕೊಳ್ಳುತ್ತದೆ, ಅದರಿಂದ ಗಾಳಿಯ ವೇಗ ತಗ್ಗುತ್ತದೆ, ವೇಗ ತಗ್ಗಿದಷ್ಟೂ ಇನ್ನಷ್ಟು ನಾರು ಕೂರುತ್ತದೆ. ಆಗ ಬಿಸಿ ಹೀಟರ್‌ನ ಸುತ್ತಲೇ ಉಳಿಯುತ್ತದೆ, ಯಂತ್ರದೊಳಗೆ ಉದುರಿದ ಒಣ ನಾರಿಗೆ ಬೆಂಕಿ ಹತ್ತುವ ಸಂಭವ ಹೆಚ್ಚುತ್ತದೆ.

ಮೊದಲು ಪ್ಲಗ್ ಕಿತ್ತು, ಯಂತ್ರ ತಣಿದ ಮೇಲೆ ಮುಂದಕ್ಕೆಳೆದು ಪೈಪನ್ನು ಕಳಚಿ ನೋಡಿ. ಅದು ಪ್ಲಾಸ್ಟಿಕ್ಕಿನದೋ ತೆಳು ಫಾಯಿಲಿನದೋ ಆಗಿದ್ದರೆ ಸ್ವಚ್ಛಗೊಳಿಸುವ ಶ್ರಮವೇ ಬೇಡ, ಒಳಮೈ ನುಣುಪಾದ ಗಟ್ಟಿ ಲೋಹದ ಪೈಪನ್ನೇ ಹಾಕಿಸಿ. ಕೀಲುಗಳಿಗೆ ಸ್ಕ್ರೂ ಬದಲು ಫಾಯಿಲ್ ಟೇಪ್ ಬಳಸಿ, ಏಕೆಂದರೆ ಒಳಗೆ ಚಾಚಿದ ಸ್ಕ್ರೂ ತುದಿಗೆ ನಾರು ಸಿಕ್ಕಿಕೊಳ್ಳುತ್ತದೆ. ಹೊರಗೋಡೆಯ ಮುಚ್ಚಳ ಸಲೀಸಾಗಿ ತೆರೆದುಕೊಳ್ಳುತ್ತದೆಯೇ ಎಂಬುದನ್ನೂ ಪರೀಕ್ಷಿಸಿ.

ಇನ್ನೊಬ್ಬ ಸದಸ್ಯರು:
ಬಟ್ಟೆ ಮೃದುವಾಗಲೆಂದು ಡ್ರೈಯರ್ ಶೀಟ್ ಹಾಕುವವರು ಫಿಲ್ಟರ್ ಮೇಲೆ ನೀರು ಸುರಿದು ನೋಡುವುದು ಒಳಿತು. ನೀರು ಇಳಿಯದೆ ನಿಂತರೆ ಕಣ್ಣಿಗೆ ಕಾಣದ ಜಿಡ್ಡಿನ ಪದರ ಕಟ್ಟಿದೆಯೆಂದು ತಿಳಿದು, ಸೋಪಿನ ನೀರಿನಲ್ಲಿ ಮೃದುವಾದ ಬ್ರಷ್‌ನಿಂದ ತೊಳೆದು, ಪೂರ್ತಿ ಒಣಗಿದ ಮೇಲೆ ಮರಳಿ ಇಡಬೇಕು. ಅಡುಗೆ ಎಣ್ಣೆ ಹೀರಿದ ಬಟ್ಟೆಯನ್ನಂತೂ, ಒಗೆದದ್ದಾದರೂ ಸರಿ, ಡ್ರೈಯರ್‌ಗೆ ಹಾಕಲೇಬಾರದು. ಉಳಿದ ಎಣ್ಣೆ ಆಮ್ಲಜನಕದೊಡನೆ ವರ್ತಿಸಿ ತಾನೇ ಬಿಸಿಯಾಗುವುದರಿಂದ, ಬಿಸಿಯಾಗಿಯೇ ರಾಶಿ ಹಾಕಿದ ಬಟ್ಟೆ ಯಂತ್ರ ನಿಂತ ಮೇಲೂ ಹೊತ್ತಿಕೊಳ್ಳಬಹುದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಯಂತ್ರ ಮತ್ತು ಗೋಡೆಯ ನಡುವೆ ಫಾಯಿಲ್ ಪೈಪು ಅಪ್ಪಚ್ಚಿಯಾಗಿತ್ತು. ಹೊರಗೆ ಹಕ್ಕಿ ಬಾರದಿರಲೆಂದು ಯಾರೋ ಹಾಕಿದ್ದ ಜಾಲರಿಯಲ್ಲಿ ನಾರು ಹೆಪ್ಪುಗಟ್ಟಿತ್ತು. ಪೈಪು ಬದಲಾಯಿಸಿ ಜಾಲರಿ ತೆಗೆದಿದ್ದೇನೆ. ಇನ್ನು ಹೊಸ ಫ್ಯೂಸ್ ಹಾಕಿ ಚಾಲೂ ಮಾಡಬಹುದೇ?

ಉತ್ತರ:
ಇನ್ನೊಂದು ಕೆಲಸ ಬಾಕಿಯಿದೆ. ಇಷ್ಟು ಕಾಲ ಗಾಳಿ ಕಟ್ಟಿದ್ದರಿಂದ ಹೀಟರ್ ಮತ್ತು ಡ್ರಮ್ಮಿನ ಸುತ್ತ ನಾರು ಸೇರಿರುತ್ತದೆ; ಮೆಕ್ಯಾನಿಕ್‌ರಿಂದ ಹೊರಕವಚ ಬಿಚ್ಚಿಸಿ ಅದನ್ನು ತೆಗೆಸಿ, ಫ್ಯೂಸ್ ಹಾಕುವಾಗಲೇ ಥರ್ಮೋಸ್ಟಾಟ್‌ಗಳನ್ನೂ ಪರೀಕ್ಷೆ ಮಾಡಿಸಿ. ಆಮೇಲೆ ಮೊದಲ ಸುತ್ತನ್ನು ಹತ್ತಿರವೇ ಇದ್ದು ನಡೆಸಿ, ಹೊರಗಿನ ಮುಚ್ಚಳದ ಬಳಿ ಗಾಳಿ ರಭಸವಾಗಿ ಬರುತ್ತಿದೆಯೇ ನೋಡಿ. ಎಲ್ಲರೂ ಮಲಗಿರುವಾಗ ಅಥವಾ ಹೊರಗೆ ಹೋಗಿರುವಾಗ ಡ್ರೈಯರ್ ಓಡುತ್ತಿರಬಾರದು. ಪೈಪನ್ನು ವರ್ಷಕ್ಕೊಮ್ಮೆಯಾದರೂ ಕಳಚಿ ಸ್ವಚ್ಛಗೊಳಿಸಬೇಕು, ಒಣಗುವ ಹೊತ್ತು ಹೆಚ್ಚಾದರೆ ಅದಕ್ಕೂ ಮುಂಚೆ.