ಹೊಸ ಇನ್‌ಟೇಕ್ ಪೈಪ್ ಹಾಕಿದ ಮೇಲೆ ಚೆಕ್ ಎಂಜಿನ್ ಲೈಟ್, ಘಾಟಿಯಲ್ಲಿ ಪಿಕಪ್ ಇಲ್ಲ

ತುಂಗಾತೀರ:
ಶಿವಮೊಗ್ಗದಲ್ಲಿ ನಾನು, ಲೇತ್ ಇಟ್ಟಿರುವ ಗೆಳೆಯ ಸೇರಿ 1.6 ಪೆಟ್ರೋಲ್ ಕಾರಿಗೆ ಇನ್‌ಟೇಕ್ (ಎಂಜಿನ್‌ಗೆ ಗಾಳಿ ಒಯ್ಯುವ ಪೈಪು) ಮಾಡುತ್ತಿದ್ದೇವೆ. ಸರಿಹೋದರೆ ಬೇರೆಯವರಿಗೂ ಮಾಡಿಕೊಡುವ ಯೋಚನೆ. ಅಲ್ಯೂಮಿನಿಯಂ ಪೈಪು, ತುದಿಗೆ ಕೋನ್ ಫಿಲ್ಟರ್. ಕಂಪನಿ ಪೈಪಿನ ಒಳ ಅಳತೆ 60 ಮಿ.ಮೀ., ನಮ್ಮದು 70. ಒಳಗೆ ಹೋಗುವ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರನ್ನೂ ನಮ್ಮ ಪೈಪಿಗೇ ಕೂರಿಸಿದ್ದೇವೆ. ಸದ್ದು ಭರ್ಜರಿ. ಆದರೆ ತೀರ್ಥಹಳ್ಳಿ ದಾಟುವಷ್ಟರಲ್ಲಿ ಚೆಕ್ ಎಂಜಿನ್ ಲೈಟ್ ಬಂತು. ಸ್ಕ್ಯಾನರ್‌ನಲ್ಲಿ ಪಿ0171, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಸೋಮೇಶ್ವರದಿಂದ ಆಗುಂಬೆ ಹತ್ತುವಾಗ ಹೇರ್‌ಪಿನ್ ಮುಗಿಸಿ ಪೂರ್ತಿ ತುಳಿದರೆ ಗಾಡಿ ಒಂದು ಕ್ಷಣ ಮುಗ್ಗರಿಸಿ ಆಮೇಲೆ ಎಳೆಯುತ್ತದೆ. ಕ್ಲಾಂಪ್ ಎಲ್ಲಾ ಬಿಗಿ ಇವೆ. ಗಾಳಿ ಎಲ್ಲಿ ಸೋರುತ್ತಿರಬಹುದು?

ಘಾಟಿಗೇರ್:
ಸುಮ್ನೆ ಸೋರಿಕೆ ಹುಡುಕಬೇಡಿ. ಮೊದಲು ಫ್ಯೂಯೆಲ್ ಟ್ರಿಮ್ ನೋಡಿ, ಅಂದರೆ ಎಂಜಿನ್ ಕಂಪ್ಯೂಟರ್ (ಇಸಿಯು) ತನ್ನ ಲೆಕ್ಕಕ್ಕಿಂತ ಶೇಕಡಾ ಎಷ್ಟು ಪೆಟ್ರೋಲ್ ಹೆಚ್ಚುಕಡಿಮೆ ಮಾಡುತ್ತಿದೆ ಅಂತ. ಐಡಲ್‌ನಲ್ಲಿ ಎಷ್ಟು, 3000 ಆರ್‌ಪಿಎಂನಲ್ಲಿ ಎಷ್ಟು?

ತುಂಗಾತೀರ:
ಲಾಂಗ್ ಟರ್ಮ್ ಟ್ರಿಮ್ (ಇಸಿಯು ಕಲಿತು ಉಳಿಸಿಕೊಂಡ ತಿದ್ದುಪಡಿ) ಐಡಲ್‌ನಲ್ಲಿ +24, 3000ದಲ್ಲಿ +25.

ಘಾಟಿಗೇರ್:
ಹಾಗಾದರೆ ಇದು ಸೋರಿಕೆ ಅಲ್ಲ ಮಾರಾಯ್ರೆ. ಗಾಳಿ ಬಿಡುವ ಥ್ರಾಟಲ್ ಕವಾಟದಿಂದಾಚೆ, ಎಂಜಿನ್ ಕಡೆ ಸೋರಿದರೆ ಐಡಲ್‌ನಲ್ಲಿ ಟ್ರಿಮ್ ಜಾಸ್ತಿ ಇರುತ್ತದೆ, ಆರ್‌ಪಿಎಂ ಏರಿದಂತೆ ಇಳಿಯುತ್ತದೆ. ನಿಮ್ಮದು ಎಲ್ಲಾ ಕಡೆ ಒಂದೇ ಸಮ. ತಪ್ಪು ಲೆಕ್ಕ ಕೊಡುತ್ತಿರುವುದು ಸೆನ್ಸರ್.

ಆ ಸೆನ್ಸರ್ ಅಳೆಯುವುದು ತನ್ನ ಬಿಸಿ ತಂತಿಯ ಮೇಲೆ ಹಾಯುವ ಗಾಳಿಯನ್ನು ಮಾತ್ರ. ಪೈಪು 60 ಮಿ.ಮೀ. ಇದೆ ಅಂತ ನಂಬಿ ಇಸಿಯು ಅದರಿಂದ ಒಟ್ಟು ಗಾಳಿ ಲೆಕ್ಕ ಹಾಕುತ್ತದೆ. 70 ಮಾಡಿದರೆ ಪೈಪಿನ ಬಾಯಿ ಸುಮಾರು 36% ದೊಡ್ಡದಾಯಿತು. ಅಷ್ಟೇ ಗಾಳಿ ಈಗ ನಿಧಾನವಾಗಿ ಹಾಯುತ್ತದೆ. 100 ಭಾಗ ಗಾಳಿ ಹೋದರೆ ಇಸಿಯುಗೆ ಕಾಣುವುದು ಹೆಚ್ಚುಕಡಿಮೆ 73. ಪೆಟ್ರೋಲೂ ಅಷ್ಟಕ್ಕೇ. ಹೊಗೆಯಲ್ಲಿ ಉಳಿದ ಆಕ್ಸಿಜನ್ ಅಳೆಯುವ ಸೆನ್ಸರ್ ನೋಡಿ ಇಸಿಯು ಟ್ರಿಮ್ ಏರಿಸುತ್ತದೆ, ಆದರೆ ಬಹಳ ಗಾಡಿಗಳಲ್ಲಿ ಅದರ ಮಿತಿ 25ರ ಆಸುಪಾಸು. ಅಲ್ಲಿಗೆ ಲೈಟ್. ಪೂರ್ತಿ ತುಳಿದಾಗ ಬೇಕಾದಷ್ಟು ಪೆಟ್ರೋಲ್ ಸಿಗದೆ ಮುಗ್ಗರಿಸುತ್ತದೆ. ಹೀಗೇ ಘಾಟಿ ಹತ್ತಿಸಿದರೆ ನಾಕಿಂಗ್ (ಪೆಟ್ರೋಲ್ ತಾನಾಗಿ ಸಿಡಿದು ಎಂಜಿನ್ ಬಡಿದುಕೊಳ್ಳುವುದು) ಶುರುವಾಗುತ್ತದೆ, ಹುಷಾರು.

ಸೆನ್ಸರ್ ಕೂರುವ ಜಾಗ 60ಕ್ಕೇ ತನ್ನಿ. ಕಂಪನಿಯ ಸೆನ್ಸರ್ ಗೂಡನ್ನೇ ಕತ್ತರಿಸಿ ನಡುವೆ ಸೇರಿಸಿದರೆ ಇನ್ನೂ ಒಳ್ಳೆಯದು, ಅದರೊಳಗಿನ ಜಾಲರಿ ಗಾಳಿಯನ್ನು ಸೀದಾ ಮಾಡುತ್ತದೆ. ಬೆಂಡ್ ಆದ ತಕ್ಷಣ ಸೆನ್ಸರ್ ಇಡಬೇಡಿ. ಗಾಳಿ ಒಂದು ಪಕ್ಕಕ್ಕೆ ವಾಲಿ ರೀಡಿಂಗ್ ಕುಣಿಯುತ್ತದೆ.

ಕೆಂಪುಧೂಳು:
ಫಿಲ್ಟರ್ ಎಣ್ಣೆ ಹಾಕುವ ಬಗೆಯದಾ? ಜಾಸ್ತಿ ಸುರಿದರೆ ಅದು ತಂತಿಗೆ ಅಂಟಿ ರೀಡಿಂಗ್ ಹಾಳು. ಇನ್ನೊಂದು, ತಂಪು ಗಾಳಿ ಸಿಗಲಿ ಅಂತ ಫಿಲ್ಟರನ್ನು ಬಂಪರ್ ಕೆಳಗೆ ಇಳಿಸಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೇಲೆ ಮಳೆ. ರಸ್ತೆ ಮೇಲೆ ನಿಂತ ನೀರನ್ನು ಒಮ್ಮೆ ಎಳೆದುಕೊಂಡರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡೇ ಬಾಗಬಹುದು. ಬೇರೆಯವರಿಗೆ ಮಾರುವವರು ಇದನ್ನು ಯೋಚಿಸಲೇಬೇಕು, ಅಲ್ವಾ?

ತುಂಗಾತೀರ:
ಫಿಲ್ಟರ್ ಡ್ರೈ ಬಗೆಯದು, ಹೆಡ್‌ಲೈಟ್ ಹಿಂದೆ ಮೇಲೇ ಇದೆ. ಕಂಪನಿ ಗೂಡು ಸೇರಿಸಿದೆವು. ಟ್ರಿಮ್ ಐಡಲ್‌ನಲ್ಲಿ +3, 3000ದಲ್ಲಿ +4. ಮುಗ್ಗರಿಸುವುದು ಹೋಯಿತು. ಆದರೆ ಬಸ್ಸಿನ ಹಿಂದೆ ನಿಧಾನ ಹತ್ತುವಾಗ ಒಳಗೆ ಹೋಗುವ ಗಾಳಿ 62 ಡಿಗ್ರಿ ತೋರಿಸುತ್ತದೆ. ನಿಜ ಹೇಳಬೇಕೆಂದರೆ ಪಿಕಪ್ ಕಂಪನಿ ಪೈಪಿನಷ್ಟೇ ಇದೆ.

ಘಾಟಿಗೇರ್:
ಬಿಸಿ ಗಾಳಿಯಲ್ಲಿ ಆಕ್ಸಿಜನ್ ಕಡಿಮೆ, ಇನ್ನೇನು ಪಿಕಪ್ ಬರುತ್ತೆ! ಟರ್ಬೊ ಇಲ್ಲದ ಗಾಡಿಯಲ್ಲಿ ಬರೀ ಇನ್‌ಟೇಕ್‌ನಿಂದ ಸಿಗುವುದು ಮುಕ್ಕಾಲು ಪಾಲು ಸದ್ದೇ ಅಂತ ನನ್ನ ಅಭಿಪ್ರಾಯ. ಫಿಲ್ಟರ್ ಸುತ್ತ ತಗಡಿನ ಪೆಟ್ಟಿಗೆ ಮಾಡಿ. ಮೇಲಂಚಿಗೆ ರಬ್ಬರ್ ಬೀಡಿಂಗ್ ಹಾಕಿ, ಬಾನೆಟ್ ಮುಚ್ಚಿದಾಗ ಒತ್ತಿಕೊಳ್ಳಲಿ. ಗ್ರಿಲ್ ಕಡೆಯಿಂದ ಗಾಳಿ ಬರುವ ಹಾಗೆ ಹೋಸ್ ಎಳೆಯಿರಿ. ತಳದಲ್ಲಿ ನೀರು ಇಳಿಯಲು ತೂತು ಇರಲಿ. ಆಮೇಲೆ ಅದೇ ಘಾಟಿಯಲ್ಲಿ ಮತ್ತೆ ರೀಡಿಂಗ್ ತೆಗೆದು ಹಾಕಿ.